ಅವರಿಗೆ ಬೇಡವಾದ ಫೈಟರ್

ಪ್ರಶ್ನೆ: ಬೆಂಗಳೂರಿನ ಎಚ್‌ಎಎಲ್ ಮ್ಯೂಸಿಯಂಗೆ ಮಗನನ್ನು ಕರೆದುಕೊಂಡು ಹೋಗಿದ್ದೆ. ಅಲ್ಲಿರುವ ಅಜಿತ್ ವಿಮಾನದ ಮೂಲ ಬ್ರಿಟಿಷರ ನ್ಯಾಟ್ ಅಂತ ತಿಳಿಯಿತು. ಆದರೆ ಬ್ರಿಟಿಷ್ ವಾಯುಪಡೆಯೇ ಅದನ್ನು ಫೈಟರ್ ಆಗಿ ತೆಗೆದುಕೊಳ್ಳಲಿಲ್ಲವಂತೆ. ಬೇಡದ್ದನ್ನು ನಮ್ಮ ತಲೆಗೆ ಕಟ್ಟಿದರೇ?
– ಓದುಗರೊಬ್ಬರು, ತುಮಕೂರು

ಉತ್ತರ: ಕಟ್ಟಲಿಲ್ಲ, ನಾವೇ ಕೇಳಿ ತಂದುಕೊಂಡೆವು.

ನ್ಯಾಟ್‌ನ ವಿನ್ಯಾಸಕ ಟೆಡ್ಡಿ ಪೆಟರ್. ಕ್ಯಾನ್‌ಬೆರಾ ಬಾಂಬರ್ ಇವರದೇ. ಎರಡು ಎಂಜಿನ್ ಮೇಲೊಂದು ಕೆಳಗೊಂದು ಕೂರಿಸಿದ ಲೈಟ್ನಿಂಗ್ ಫೈಟರ್‌ನ ಕೆಲಸ ಶುರುಮಾಡಿದವರೂ ಇವರೇ. ಜೆಟ್ ಫೈಟರ್‌ಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ, ದುಬಾರಿಯಾಗುತ್ತಿವೆ ಅನ್ನೋದು ಅವರ ತಕರಾರು. ಫಾಲಂಡ್ ಎಂಬ ಸಣ್ಣ ಕಂಪನಿಗೆ ಬಂದು ತದ್ವಿರುದ್ಧದ ವಿಮಾನ ಮಾಡಿದರು. 1955ರ ಜುಲೈನಲ್ಲಿ ನ್ಯಾಟ್ ಮೊದಲ ಸಲ ಹಾರಿತು. ಖಾಲಿ ತೂಕ ಸುಮಾರು 2,200 ಕೆ.ಜಿ. ಅದೇ ಕಾಲದ ಇನ್ನೊಂದು ಬ್ರಿಟಿಷ್ ಫೈಟರ್ ಹಂಟರ್ 6,000 ಕೆ.ಜಿ. ದಾಟುತ್ತಿತ್ತು!

ನಾನು ಹ್ಯಾಂಗರ್‌ನಲ್ಲಿ ಫಿಟ್ಟರ್ ಆಗಿದ್ದವನು. ನ್ಯಾಟ್ ಅಂದರೆ ನನಗೆ ಮೊದಲು ನೆನಪಾಗೋದು ಅದರ ಚಕ್ರದ ಬಾಗಿಲು. ಬೇರೆ ವಿಮಾನಗಳಿಗೆ ವೇಗ ತಗ್ಗಿಸಲು ಪ್ರತ್ಯೇಕ ಏರ್ ಬ್ರೇಕ್ ಇರುತ್ತೆ. ಇದರಲ್ಲಿ ಚಕ್ರಗಳನ್ನು ಅರ್ಧ ಇಳಿಸಿದರೆ ಬಾಗಿಲುಗಳೇ ಗಾಳಿಗೆ ಅಡ್ಡ ನಿಂತು ಏರ್ ಬ್ರೇಕ್ ಆಗುತ್ತಿದ್ದವು. ಒಂದು ಭಾಗಕ್ಕೆ ಎರಡು ಕೆಲಸ, ಅಷ್ಟು ತೂಕ ಉಳಿತಾಯ. ಎರಡು 30 ಎಂ.ಎಂ. ಏಡನ್ ಗನ್‌ಗಳು ಎಂಜಿನ್‌ಗೆ ಗಾಳಿ ಹೋಗುವ ಬಾಯಿಗಳ ಪಕ್ಕದಲ್ಲೇ. ನೋಡೋಕೆ ಚೆಂದ. ರಿಪೇರಿಗೆ ಕೂತಾಗ ಮಾತ್ರ ಕೈ ತೂರಿಸೋಕೂ ಜಾಗವಿಲ್ಲ. ತೆಳ್ಳಗಿನ ಕೈಯವರಿಗೆ ಬುಲಾವ್ ಬರುತ್ತಿತ್ತು.

ಬ್ರಿಟಿಷರು ಬೇಡ ಅಂದದ್ದೂ ಈ ಚಿಕ್ಕ ಗಾತ್ರಕ್ಕೇ. ಇಂಧನ ಕಡಿಮೆ, ದೊಡ್ಡ ರೇಡಾರ್‌ಗೆ ಜಾಗವಿಲ್ಲ. ರಾತ್ರಿ, ಮೋಡದಲ್ಲಿ ಬಾಂಬರ್ ಹುಡುಕಿ ಹೊಡೆಯಬೇಕಾದ ಅವರಿಗೆ ಇದು ಸಾಲದು. ಅವರ ತೀರ್ಮಾನ ಸರಿಯೇ ಇತ್ತು ಅಂತ ನನಗನ್ನಿಸುತ್ತೆ. ಸಾಲದ್ದಕ್ಕೆ 1957ರಲ್ಲಿ ರಕ್ಷಣಾ ಮಂತ್ರಿ ಡಂಕನ್ ಸ್ಯಾಂಡಿಸ್, ಇನ್ನು ಮುಂದೆ ಕ್ಷಿಪಣಿಗಳ ಕಾಲ ಅಂತ ಹೊಸ ಫೈಟರ್ ಯೋಜನೆಗಳಿಗೇ ಕತ್ತರಿ ಹಾಕಿದರು. ಲೈಟ್ನಿಂಗ್ ಉಳಿಯಿತು. ನ್ಯಾಟ್‌ನ ಎರಡು ಸೀಟಿನ ತರಬೇತಿ ವಿಮಾನವನ್ನು ಮಾತ್ರ ಅವರು ಕೊಂಡರು. ಅವರ ವೈಮಾನಿಕ ಕಸರತ್ತಿನ ರೆಡ್ ಆರೋಸ್ ತಂಡ ಮೊದಲು ಹಾರಿಸಿದ್ದು ಅದನ್ನೇ.

ನಮಗೆ ಬೇಕಿದ್ದದ್ದು ಬೆಂಗಳೂರಿನಲ್ಲೇ ಮಾಡಬಹುದಾದ, ಕೈಗೆಟಕುವ ಬೆಲೆಯ ಫೈಟರ್. 1956ರಲ್ಲೇ ಒಪ್ಪಂದ ಆಯಿತು. 1965ರ ಯುದ್ಧದಲ್ಲಿ ಅದಕ್ಕೆ ಸೇಬರ್ ಸ್ಲೇಯರ್, ಅಂದರೆ ಪಾಕಿಸ್ತಾನದ ಸೇಬರ್ ಜೆಟ್‌ಗಳನ್ನು ಹೊಡೆದುರುಳಿಸುವುದು ಅಂತ ಹೆಸರು ಬಂತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನಮ್ಮ ವಾಯುಪಡೆಯ ಪೈಲಟ್ ನಿರ್ಮಲ್‌ಜಿತ್ ಸಿಂಗ್ ಸೆಖೋನ್ ಒಬ್ಬರೇ ಕಾದಾಡಿದ್ದೂ ನ್ಯಾಟ್‌ನಲ್ಲೇ. ಹಾಗಂತ ಸುಮ್ನೆ ಹೊಗಳಲಾರೆ. ಬಾಲದ ಹೈಡ್ರಾಲಿಕ್ ನಿಯಂತ್ರಣ ಜಾಸ್ತಿ ಕಾಟ ಕೊಟ್ಟಿತು, ಗನ್‌ಗಳು ಸಿಕ್ಕಿಕೊಳ್ಳುತ್ತಿದ್ದವು. ಆ ನಿಯಂತ್ರಣ ವ್ಯವಸ್ಥೆಯನ್ನು ಸುಧಾರಿಸಿ, ರೆಕ್ಕೆಯೊಳಗೇ ಇಂಧನ ತುಂಬುವಂತೆ ಎಚ್‌ಎಎಲ್ ಮಾಡಿದ್ದೇ ನಿಮ್ಮ ಮಗ ನೋಡಿದ ಅಜಿತ್.

ಪ್ರಶ್ನೆ: ನ್ಯಾಟ್‌ಗೂ, ನಿಂತಲ್ಲಿಂದಲೇ ಮೇಲೇಳುವ ಹ್ಯಾರಿಯರ್‌ಗೂ ನಂಟು ಇದೆಯಂತೆ, ಹೌದೇ?
– ಓದುಗರೊಬ್ಬರು, ಕಾರವಾರ

ಉತ್ತರ: ಎಂಜಿನ್ ಕಡೆಯಿಂದ ಇದೆ. ನ್ಯಾಟ್‌ನಲ್ಲಿದ್ದದ್ದು ಬ್ರಿಸ್ಟಲ್ ಕಂಪನಿಯ ಆರ್ಫಿಯಸ್. ಅದರ ಒಳತಿರುಳನ್ನೇ ಇಟ್ಟುಕೊಂಡು, ಮುಂದೆ ದೊಡ್ಡ ಫ್ಯಾನ್ ಸೇರಿಸಿ, ಪಕ್ಕಗಳಲ್ಲಿ ಹಿಂದಕ್ಕೂ ಕೆಳಕ್ಕೂ ತಿರುಗುವ ನಾಲ್ಕು ನಳಿಗೆ ಕೊಟ್ಟು ಪೆಗಾಸಸ್ ಎಂಜಿನ್ ಶುರುಮಾಡಿದರು. ಅದನ್ನು ಹೊತ್ತ ಪಿ.1127, ಅಂದರೆ ಹ್ಯಾರಿಯರ್‌ನ ಪೂರ್ವಜ, 1960ರ ಅಕ್ಟೋಬರ್‌ನಲ್ಲಿ ಹಗ್ಗ ಕಟ್ಟಿಸಿಕೊಂಡೇ ನೆಲ ಬಿಟ್ಟಿತು. ನಿಮ್ಮೂರಿಗೆ ಹತ್ತಿರದ ಗೋವಾದಲ್ಲಿ 2016ರವರೆಗೆ ಹಾರುತ್ತಿದ್ದ ನೌಕಾಪಡೆಯ ಸೀ ಹ್ಯಾರಿಯರ್‌ಗಳೂ ಅದೇ ವಂಶದವು.