ಬೇಲೂರು, ಹಳೇಬೀಡು ಬಿಟ್ಟರೆ ಹಾಸನ ಜಿಲ್ಲೆಯಲ್ಲಿ ಏನಿದೆ?

ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ನೋಡಿಯಾಗಿದೆ, ಅವು ಬಿಟ್ಟು ಹಾಸನ ಜಿಲ್ಲೆ ಅಂದರೆ ಏನು, ಹಳ್ಳಿಯ ಜನ ಏನು ಬೆಳೆದು ಬದುಕುತ್ತಾರೆ, ಎರಡು ದಿನ ರಜೆ ಹಾಕಿ ಬಂದರೆ ಎಲ್ಲಿ ಓಡಾಡಬಹುದು ಅಂತ ಕೇಳಿದ್ದೀರಿ. ಓಡಾಟದ ವಿಷಯ ಕೊನೆಗೆ ಹೇಳುತ್ತೇನೆ. ಮೊದಲು ಮಳೆಯ ಲೆಕ್ಕ ನೋಡಿ. ಅದು ತಿಳಿಯದೆ ಈ ಜಿಲ್ಲೆಯ ಯಾವ ಊರೂ ಅರ್ಥವಾಗುವುದಿಲ್ಲ.

ಪಶ್ಚಿಮದ ಸಕಲೇಶಪುರದಲ್ಲಿ ವರ್ಷಕ್ಕೆ 2,000 ಮಿ.ಮೀ. ದಾಟಿ ಸುರಿಯುತ್ತದೆ, ಘಾಟಿ ಅಂಚಿನ ಊರುಗಳಲ್ಲಿ ಇನ್ನೂ ಜಾಸ್ತಿ. ಅಲ್ಲಿಂದ ಹಾಸನಕ್ಕೆ 40 ಕಿ.ಮೀ., ಹಾಸನದಿಂದ ಅರಸೀಕೆರೆಗೆ ಹೆಚ್ಚುಕಡಿಮೆ ಮತ್ತೆ ಅಷ್ಟೇ. ಆ ಅರಸೀಕೆರೆಯಲ್ಲಿ 700 ಮಿ.ಮೀ. ಆದರೆ ಪುಣ್ಯ. ಎರಡು ಎರಡೂವರೆ ಗಂಟೆಯ ಬಸ್ ದಾರಿಯಲ್ಲಿ ಕಾಫಿ ತೋಟ, ಭತ್ತದ ಗದ್ದೆ, ಜೋಳ, ಆಲೂಗಡ್ಡೆ, ರಾಗಿ, ತೆಂಗು ಎಲ್ಲವೂ ಸಾಲಾಗಿ ಕಿಟಕಿಯಲ್ಲಿ ಹಾದುಹೋಗುತ್ತವೆ. ಊಟವೂ ಹಾಗೇ. ಸಕಲೇಶಪುರದ ಕಡೆ ಅಕ್ಕಿ ರೊಟ್ಟಿ, ಕಡುಬು, ಮಳೆಗಾಲಕ್ಕೆ ಕಳಲೆ, ಅಣಬೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಎಂಟು ತಾಲ್ಲೂಕು ಸೇರಿ ಆಡಳಿತಕ್ಕೆ ಒಂದು ಜಿಲ್ಲೆ, ಬದುಕಿಗೆ ಮೂರು.

ಇತಿಹಾಸ ನಡೆದಿರುವುದೂ ಇದೇ ಇಳಿಜಾರಿನಲ್ಲಿ. ಹೊಯ್ಸಳರು ಮೂಲದಲ್ಲಿ ಬೆಟ್ಟದವರು. ಅವರ ಮೂಲ ಊರು ಸೊಸೆವೂರು ಅಂದರೆ ಈಗಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ. ಅಲ್ಲಿಂದ ಬೇಲೂರಿಗೆ, ಬೇಲೂರಿನಿಂದ ದೋರಸಮುದ್ರಕ್ಕೆ, ಅಂದರೆ ಈಗಿನ ಹಳೇಬೀಡಿಗೆ ಇಳಿದರು. ಹಳೇಬೀಡಿಗೆ ಹೋದವರು ದೇವಸ್ಥಾನ ನೋಡಿ ಹಿಂತಿರುಗುತ್ತಾರೆ, ಪಕ್ಕದ ಕೆರೆಯ ಕಡೆ ಯಾರೂ ತಿರುಗುವುದಿಲ್ಲ. ರಾಜಧಾನಿಗೆ ‘ಸಮುದ್ರ’ ಅಂತ ಹೆಸರು ಬಂದದ್ದೇ ಆ ಕೆರೆಯಿಂದ. ಅದಕ್ಕೂ ಹಳೆಯದು ಬೇಕಾದರೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಇದೆ. ಸುಮಾರು ಕ್ರಿ.ಶ. 450ರ ಆ ಶಾಸನದಲ್ಲಿ ವಿಜ ಅರಸನಿಗೆ ಯುದ್ಧದ ಪರಾಕ್ರಮಕ್ಕಾಗಿ ಕೊಟ್ಟ ಊರುಗಳ ಹೆಸರಿದೆ, ಅದರಲ್ಲೊಂದು ‘ಪಲ್ಮಡಿ’. ಹಳಗನ್ನಡದ ಪಾಲು ಹಾಲಾದ ಹಾಗೆ ಪಲ್ಮಡಿ ಹಲ್ಮಿಡಿಯಾಗಿದೆ. ಇನ್ನು ಸಕಲೇಶಪುರದ ಮಂಜರಾಬಾದ್ ಕೋಟೆ ಟಿಪ್ಪು 1792ರಲ್ಲಿ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹತ್ತುವ ದಾರಿಯ ಮೇಲೆ ಕಣ್ಣಿಡಲು ಆ ಗುಡ್ಡದ ತಲೆಗಿಂತ ಒಳ್ಳೆಯ ಜಾಗ ಇಲ್ಲ.

ಈಗ ಬದುಕಿನ ವಿಷಯ. ಸಕಲೇಶಪುರ, ಬೇಲೂರಿನ ಪಶ್ಚಿಮ ಭಾಗ, ಆಲೂರಿನ ಒಂದಿಷ್ಟು ಕಾಫಿ ಸೀಮೆ. ಇಲ್ಲಿ ಪ್ರತಿ ತೋಟದಲ್ಲೂ ಮಳೆ ಮಾಪಕ ಇರುತ್ತದೆ. ಬೆಳೆಗಾರರು ಮಿಲಿಮೀಟರ್‌ನಲ್ಲಿ ಮಾತಾಡುವುದಿಲ್ಲ, ‘ನಿನ್ನೆ ಒಂದು ಇಂಚು ಇಪ್ಪತ್ತು ಸೆಂಟ್ಸ್ ಆಯ್ತು’ ಅನ್ನುತ್ತಾರೆ; ನೂರು ಸೆಂಟ್ಸ್‌ಗೆ ಒಂದು ಇಂಚು. ಫೆಬ್ರವರಿ, ಮಾರ್ಚ್‌ನಲ್ಲಿ ಒಂದರಿಂದ ಒಂದೂವರೆ ಇಂಚು ಹೂಮಳೆ ಬಿದ್ದರೆ ರೊಬಸ್ಟಾ ಕಾಫಿ ಎಂಟು ಹತ್ತು ದಿನದಲ್ಲಿ ಹೂ ಬಿಡುತ್ತದೆ. ಹದಿನೈದು ಇಪ್ಪತ್ತು ದಿನ ಬಿಟ್ಟು ಇನ್ನೊಂದು ಮಳೆ ಬೇಕು, ಅದಕ್ಕೆ ಬ್ಯಾಕಿಂಗ್ ಅಂತಾರೆ. ಮಳೆ ಬಾರದಿದ್ದರೆ ಕಾಯಬಹುದು, ಇಪ್ಪತ್ತು ಸೆಂಟ್ಸ್‌ನಷ್ಟು ಅರೆಬರೆ ಬಿದ್ದರೆ ಕೆಟ್ಟಿತು: ಮೊಗ್ಗು ಅರ್ಧ ಬಿಚ್ಚಿ, ನಸುಗೆಂಪಾಗಿ, ಒಣಗಿ ಉದುರುತ್ತದೆ. ಅದಕ್ಕೇ ಕೆರೆ ಇದ್ದವರು ಸ್ಪ್ರಿಂಕ್ಲರ್ ಓಡಿಸುತ್ತಾರೆ. ಹೂ ಅರಳಿದ ದಿನವೇ ಮಳೆ ಹೊಡೆದರೂ ಕಷ್ಟ, ಏಕೆಂದರೆ ರೊಬಸ್ಟಾಗೆ ಬೇರೆ ಗಿಡದ ಪರಾಗ ಬೇಕು, ಅದು ಗಾಳಿ ಮತ್ತು ಜೇನಿನ ಕೆಲಸ. ಅರೇಬಿಕಾ ಬಿಟ್ಟು ರೊಬಸ್ಟಾಗೆ ಹೋದವರು ಬಹಳ ಜನ. ಬೆಲೆಗಿಂತ ಮುಖ್ಯ ಕಾರಣ ಬಿಳಿ ಕಾಂಡಕೊರಕ ಹುಳು. ನೆರಳು ತೆಳುವಾದ ತೋಟಕ್ಕೆ ಅದು ಬೇಗ ಹತ್ತುತ್ತದೆ, ಹತ್ತಿದ ಗಿಡವನ್ನು ಕಿತ್ತು ಸುಡದೆ ಬೇರೆ ದಾರಿ ಇಲ್ಲ.

ಮಾರುವಾಗ ಕೇಳುವ ಮಾತು ‘ಓಟಿ ಎಷ್ಟು?’ ಅಂತ. 50 ಕೆಜಿ ಚೀಲದ ಒಣ ಚೆರ್ರಿಯನ್ನು, ಅಂದರೆ ಇಡಿಯಾಗಿ ಒಣಗಿಸಿದ ಕಾಫಿ ಹಣ್ಣನ್ನು, ಸಿಪ್ಪೆ ಬಿಡಿಸಿದರೆ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ ಅದು; 26, 28 ಹೀಗೆ. ರೊಬಸ್ಟಾ ಚೆರ್ರಿ ಶೇ 11ರ ತೇವಕ್ಕೆ ಒಣಗಿರಬೇಕು. ಕಣದಲ್ಲಿ ಹರಡಿದ್ದಾಗ ಜನವರಿಯ ಅಕಾಲ ಮಳೆ ಹಿಡಿದರೆ ಬೂಸಲು ಬಂದು ಬೀಜ ಕಪ್ಪಾಗುತ್ತದೆ.

ಕಾಫಿ ಸೀಮೆಯ ಇನ್ನೊಂದು ಖರ್ಚು ಆನೆ. ಬೆಳಗಿನ ಜಾವ ತೋಟಕ್ಕೆ ಕೂಲಿಗೆ ಹೋಗುವವರೇ ಹೆಚ್ಚಾಗಿ ಸಿಕ್ಕಿಬೀಳುವವರು. ದಸರಾ ಅಂಬಾರಿ ಹೊತ್ತ ಅರ್ಜುನ ಸತ್ತದ್ದೂ ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲೇ, 2023ರ ಡಿಸೆಂಬರ್‌ನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಇಲ್ಲಿನ ಹಬ್ಬ ನೋಡಬೇಕೆಂದರೆ ಯುಗಾದಿ ಆಸುಪಾಸಿನ ಸುಗ್ಗಿಗೆ ಬನ್ನಿ. ಸುಗ್ಗಿ ಸಾರಿದ ಮೇಲೆ ಊರಿಗೆ ಕಟ್ಟಳೆ ಬೀಳುತ್ತದೆ: ಹಸಿ ಮರ ಕಡಿಯುವಂತಿಲ್ಲ, ಮಾಂಸ ಬೇಯಿಸುವಂತಿಲ್ಲ, ಕೆಲವು ಊರಲ್ಲಿ ಒಗ್ಗರಣೆ ಕೂಡ ಹಾಕುವಂತಿಲ್ಲ. ಊರಿಂದೂರಿಗೆ ನಿಯಮ ಬೇರೆ, ನೆಂಟರ ಮನೆಗೆ ಹೋಗುವ ಮುಂಚೆ ಕೇಳಿಕೊಳ್ಳುವುದು ಒಳ್ಳೆಯದು.

ಆಲೂರು ದಾಟಿ ಹಾಸನದ ಕಡೆ ಬಂದರೆ ಆಲೂಗಡ್ಡೆ. ದೇಶದಲ್ಲಿ ಆಲೂಗಡ್ಡೆ ಬಹುಪಾಲು ಚಳಿಗಾಲದ ಬೆಳೆ, ಹಾಸನದ್ದು ಮುಂಗಾರಿನದು. ಅದೇ ಅದರ ಬಲ, ಅದೇ ಅದರ ರೋಗ. ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಲಾರಿಯಲ್ಲಿ ಬಂದು ಹಾಸನದ ಶೀತಲಗೃಹಗಳಲ್ಲಿ ಕೂರುತ್ತದೆ, ಮೇ ತಿಂಗಳಲ್ಲಿ ಎಪಿಎಂಸಿಯಲ್ಲಿ 50 ಕೆಜಿ ಚೀಲದ ಲೆಕ್ಕದಲ್ಲಿ ಮಾರಾಟವಾಗುತ್ತದೆ. ಇಲ್ಲಿನದೇ ಗಡ್ಡೆ ಯಾಕೆ ಬಿತ್ತಬಾರದು ಅಂತ ಹೊಸಬರು ಕೇಳುವುದುಂಟು. ಇಲ್ಲಿನ ಬೆಚ್ಚನೆ ಹವೆಯಲ್ಲಿ ವರ್ಷವಿಡೀ ಗಿಡಹೇನು ಇರುತ್ತದೆ, ಅದು ನಂಜು ರೋಗ ಹರಡುತ್ತದೆ. ಎರಡು ಮೂರು ಸಲ ಮನೆಯ ಗಡ್ಡೆ ಬಿತ್ತಿದರೆ ಇಳುವರಿ ಕುಸಿಯುತ್ತದೆ. ಪಂಜಾಬಿನ ಚಳಿಯಲ್ಲಿ ಹೇನಿನ ಕಾಟವಿಲ್ಲದ ತಿಂಗಳುಗಳು ಸಿಗುತ್ತವೆ, ಅಷ್ಟರಲ್ಲಿ ಗಡ್ಡೆ ಕಿತ್ತುಬಿಡುತ್ತಾರೆ.

‘ಬಿತ್ತನೆ ಮೊಳೆಯಲಿಲ್ಲ’ ಅನ್ನುವ ಜಗಳ ಪ್ರತಿ ಜೂನ್‌ನಲ್ಲಿ ಕೇಳಿಸುತ್ತದೆ. ಬೀಜ ನಿಜಕ್ಕೂ ಕಳಪೆ ಇರಬಹುದು, ಆದರೆ ಅರ್ಧಕ್ಕರ್ಧ ತಪ್ಪು ಬಿತ್ತುವ ಮುಂಚಿನ ಹತ್ತು ದಿನದ್ದು. ಶೀತಲಗೃಹದಿಂದ ತಂದ ಚೀಲ ಬೆವರುತ್ತದೆ. ಅದನ್ನು ಹಾಗೇ ಪೇರಿಸಿಟ್ಟರೆ ನಡುವಿನ ಗಡ್ಡೆ ಕೊಳೆಯುತ್ತದೆ. ಅವತ್ತೇ ಚೀಲ ಬಿಚ್ಚಿ, ನೆರಳಲ್ಲಿ ಗಾಳಿಯಾಡುವ ಕಡೆ ತೆಳುವಾಗಿ ಹರಡಿ, ಎಂಟು ಹತ್ತು ದಿನ ಬಿಡಬೇಕು. ಕಣ್ಣಲ್ಲಿ ಗಿಡ್ಡನೆಯ ದಪ್ಪ ಮೊಳಕೆ ಕಂಡ ಮೇಲೆ ಕತ್ತರಿಸಬೇಕು: ಹೋಳಿಗೆ ಎರಡು ಕಣ್ಣು, ತೂಕ 40 ಗ್ರಾಂ ಆಸುಪಾಸು. ಕೋಳಿಮೊಟ್ಟೆ ಗಾತ್ರದ ಗಡ್ಡೆಯಾದರೆ ಕತ್ತರಿಸದೇ ಇಡಿಯಾಗಿ ಹಾಕುವುದು ಕ್ಷೇಮ. ಒಂದು ಗಡ್ಡೆಯ ಒಳಗೆ ಕಂದು ಉಂಗುರ ಕಂಡರೆ ಅದನ್ನು ಎಸೆದು, ಚಾಕುವನ್ನು ಔಷಧಿ ನೀರಲ್ಲಿ ಅದ್ದಿ ಮುಂದಿನದಕ್ಕೆ ಕೈಹಾಕಬೇಕು, ಇಲ್ಲದಿದ್ದರೆ ಸೊರಗು ರೋಗ ಚಾಕುವಿನಿಂದಲೇ ಹೊಲವಿಡೀ ಹೋಗುತ್ತದೆ. ಹೋಳುಗಳನ್ನು ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕದ ದ್ರಾವಣದಲ್ಲಿ ಅದ್ದಿ, ಒಂದು ರಾತ್ರಿ ನೆರಳಲ್ಲಿ ಆರಿಸಿದರೆ ಕೊಯ್ದ ಮುಖ ಚರ್ಮ ಕಟ್ಟುತ್ತದೆ. ಹಸಿ ಹೋಳನ್ನೇ ಮಣ್ಣಿಗೆ ಹಾಕಿ ಮರುದಿನ ಜೋರು ಮಳೆ ಬಂದರೆ ಅದು ಭೂಮಿಯಲ್ಲೇ ಲೋಳೆಯಾಗುತ್ತದೆ. ಸಾಲಿಂದ ಸಾಲಿಗೆ ಎರಡಡಿ, ಗಿಡದಿಂದ ಗಿಡಕ್ಕೆ ಮುಕ್ಕಾಲು ಅಡಿ.

ಇಷ್ಟೆಲ್ಲ ಮಾಡಿದರೂ ಜುಲೈ, ಆಗಸ್ಟ್‌ನ ಜಡಿಮಳೆಗೆ ಅಂಗಮಾರಿ ರೋಗ ಬರುತ್ತದೆ. ಎಲೆಯ ಅಂಚಲ್ಲಿ ಬಿಸಿನೀರು ಬಿದ್ದಂಥ ಕಲೆ, ಬೆಳಗ್ಗೆ ಎಲೆ ಮಗುಚಿದರೆ ಕಲೆಯ ಸುತ್ತ ಬಿಳಿ ಬೂಸಲು. ಮೋಡ ಕವಿದು, ತಣ್ಣಗಿದ್ದು, ತುಂತುರು ನಿಲ್ಲದಿದ್ದರೆ ಒಂದು ವಾರದಲ್ಲಿ ಹೊಲ ಸುಟ್ಟ ಹಾಗಾಗಿ ಕೊಳೆತ ವಾಸನೆ ಹೊಡೆಯುತ್ತದೆ. ಕಲೆ ಕಂಡ ಮೇಲೆ ಮ್ಯಾಂಕೋಜೆಬ್ ಒಂದನ್ನೇ ಹೊಡೆದು ಉಪಯೋಗವಿಲ್ಲ, ಅದು ಬರುವ ಮುಂಚಿನ ರಕ್ಷಣೆ. ಬಂದ ಮೇಲೆ ಎಲೆಯೊಳಗೆ ಇಳಿಯುವ ಔಷಧಿ ಬೇಕು, ಅದೂ ಎಲೆಯ ಅಡಿಭಾಗಕ್ಕೆ ತಾಗಬೇಕು. ಬಹಳ ಕಾಲದಿಂದ ಇಲ್ಲಿ ನೆಚ್ಚಿಕೊಂಡಿದ್ದ ಕುಫ್ರಿ ಜ್ಯೋತಿ ತಳಿ ಈ ರೋಗ ತಡೆಯುವ ಶಕ್ತಿ ಕಳೆದುಕೊಂಡಿದೆ. ಹಾಗಾಗಿ ಹಳೇ ಆಲೂಗಡ್ಡೆ ಹೊಲಗಳಲ್ಲಿ ಈಗ ಮುಸುಕಿನ ಜೋಳ ನಿಂತಿದೆ. ಸೋಮನಹಳ್ಳಿ ಕಾವಲಿನ ತೋಟಗಾರಿಕೆ ಸಂಶೋಧನಾ ಕೇಂದ್ರ ಅಂಗಾಂಶ ಕೃಷಿಯ ತಾಯಿಗಿಡದಿಂದ ತುದಿಕಾಂಡದ ಸಸಿ ಮಾಡಿ, ಇಲ್ಲಿಯೇ ಬಿತ್ತನೆ ಗಡ್ಡೆ ಬೆಳೆಯುವ ದಾರಿ ತೋರಿಸಿದೆ. ನನಗೆ ಭರವಸೆ ಇರುವುದು ಅದರ ಮೇಲೆ, ಇನ್ನೊಂದು ಸಬ್ಸಿಡಿಯ ಮೇಲಲ್ಲ.

ಶುಂಠಿ ಬಗ್ಗೆ ಚಿಕ್ಕದಾಗಿ: 60 ಕೆಜಿ ಮೂಟೆ ಲೆಕ್ಕದ ವ್ಯಾಪಾರ, ಒಂದು ವರ್ಷ ಮನೆ ಕಟ್ಟಿಸುತ್ತದೆ, ಮರುವರ್ಷ ಮಾರಿಸುತ್ತದೆ. ಕೊಳೆ ರೋಗ ಮಣ್ಣಲ್ಲಿ ಉಳಿಯುವುದರಿಂದ ಅದೇ ಜಾಗದಲ್ಲಿ ಮತ್ತೆ ಹಾಕುವಂತಿಲ್ಲ, ಅದಕ್ಕೇ ಗುತ್ತಿಗೆ ಭೂಮಿ ಹುಡುಕಿ ಅಲೆಯುತ್ತಾರೆ. ಅರಕಲಗೂಡು, ರಾಮನಾಥಪುರದ ಕಡೆ ತಂಬಾಕು. ಎಲೆ ಒಣಗಿಸುವ, ಮನೆಗಿಂತ ಎತ್ತರದ ಬ್ಯಾರನ್‌ಗಳು ಕಂಡರೆ ಅದೇ ಸೀಮೆ.

ನೀರಿನ ವಿಷಯಕ್ಕೆ ಈ ಜಿಲ್ಲೆಯವರು ಬೇಗ ಬಿಸಿಯಾಗುತ್ತಾರೆ. ಗೊರೂರಿನ ಹೇಮಾವತಿ ಜಲಾಶಯ ಮುಗಿದದ್ದು 1979ರಲ್ಲಿ, ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 2,922 ಅಡಿ, ಸುಮಾರು 37 ಟಿಎಂಸಿ. ಮುಳುಗಿದ್ದು ಹಾಸನದ ಊರು, ಕಾಲುವೆ ಹೋದದ್ದು ಬಹುಪಾಲು ತುಮಕೂರು, ಮಂಡ್ಯಕ್ಕೆ. ಸಕಲೇಶಪುರದಿಂದ ನೀರೆತ್ತುವ ಎತ್ತಿನಹೊಳೆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಅದರ ದೊಡ್ಡ ಗುರಿ ಕೋಲಾರ, ಚಿಕ್ಕಬಳ್ಳಾಪುರ.

ಪೂರ್ವದ ತಾಲ್ಲೂಕುಗಳನ್ನು ನಿಲ್ಲಿಸಿರುವುದು ತೆಂಗು ಮತ್ತು ಹಾಲು. ಹಾಲಿಗೆ ಹಾಸನ ಒಕ್ಕೂಟವಿದೆ, ಚಿಕ್ಕಮಗಳೂರು ಮತ್ತು ಕೊಡಗಿನ ಡೈರಿಗಳೂ ಅದಕ್ಕೇ ಸೇರಿವೆ. ದಿನದ ಖರ್ಚು ಹಾಲಿನಿಂದ, ಮದುವೆ, ಮನೆ ಕೊಬ್ಬರಿಯಿಂದ. ಅರಸೀಕೆರೆಯದು ಉಂಡೆ ಕೊಬ್ಬರಿ, ಎಣ್ಣೆಗೆ ಹೋಗುವ ಹೋಳು ಕೊಬ್ಬರಿಯಲ್ಲ. ಪೂರ್ತಿ ಬಲಿತ, ಹನ್ನೆರಡು ತಿಂಗಳ ಕಾಯಿಯನ್ನು ಮಟ್ಟೆ ಸಮೇತ ಅಟ್ಟದ ಮೇಲೆ ಸುರಿದು ಎಂಟರಿಂದ ಹನ್ನೆರಡು ತಿಂಗಳು ಬಿಡುತ್ತಾರೆ. ಅಟ್ಟದ ಹಲಗೆಗಳ ನಡುವೆ ಸಂದಿ ಇರಬೇಕು, ಕೆಳಗಿಂದ ಗಾಳಿಯಾಡಬೇಕು. ಒಳಗಿನ ನೀರು ನಿಧಾನಕ್ಕೆ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಉಂಡೆ ಗಡಗಡ ಅನ್ನುತ್ತದೆ. ನೀರಿನ ಸದ್ದು ಬಂದರೆ ಇನ್ನೂ ಹಸಿ, ವಾಪಸ್ ಅಟ್ಟಕ್ಕೆ. ಎಳೆಗಾಯಿ ಸೇರಿಸಿದರೆ ತಿರುಳು ರಬ್ಬರಿನಂತೆ ಮುದುರುತ್ತದೆ. ಎತ್ತರದಿಂದ ಬಿದ್ದು ಒಳಗೆ ಬಿರುಕು ಬಿಟ್ಟ ಕಾಯಿಯ ನೀರು ಸೋರಿ ಕೊಳೆಯುತ್ತದೆ. ಸೂರು ಸೋರಿದರೆ ಮೊಳಕೆ ಬರುತ್ತದೆ, ಮೊಳಕೆ ತಿರುಳನ್ನು ತಿನ್ನುತ್ತದೆ. ಕೊನೆಗೆ ಚಿಪ್ಪು ಒಡೆಯುವಾಗ ಏಟು ಒಂದು ಗೆರೆ ಜಾಸ್ತಿ ಬಿದ್ದರೆ ಉಂಡೆ ಚೂರಾಗಿ ಬೆಲೆ ಬಿದ್ದುಹೋಗುತ್ತದೆ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ 2024ರಲ್ಲಿ ಕ್ವಿಂಟಾಲ್‌ಗೆ 12,000 ರೂಪಾಯಿ, 2025ರಲ್ಲಿ 12,100. 2025ರಲ್ಲಿ ಮಾರುಕಟ್ಟೆ ಅದರ ದುಪ್ಪಟ್ಟು ದಾಟಿತು. ಆದರೆ ಅಟ್ಟ ಖಾಲಿ ಇದ್ದವರಿಗೆ ಏನು ಪ್ರಯೋಜನ? ನುಸಿ, ಕಪ್ಪುತಲೆ ಹುಳು, ರಸ ಸೋರುವ ರೋಗ ಸೇರಿ ಮರಗಳನ್ನು ಹಣ್ಣು ಮಾಡಿವೆ, ಬೆಲೆ ಏರಿದ್ದಕ್ಕೆ ಅದೂ ಒಂದು ಕಾರಣ.

ಓಡಾಟಕ್ಕೆ ನವೆಂಬರ್‌ನಿಂದ ಜನವರಿ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ದಾರಿ ಮುಚ್ಚುವುದುಂಟು. ದೀಪಾವಳಿ ಹೊತ್ತಿಗೆ ಬಂದರೆ ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಹಾಸನಾಂಬೆ ಸಿಗುತ್ತಾಳೆ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಬಾಳೆಕಂದು ಕಡಿದು ತೆರೆಯುತ್ತಾರೆ, ಒಳಗಿರುವುದು ಶಿಲ್ಪವಲ್ಲ, ಹುತ್ತದ ರೂಪ. ಆದರೆ ಸಾಲು ಗಂಟೆಗಟ್ಟಲೆ ಇರುತ್ತದೆ, ಲಾಡ್ಜ್ ಸಿಗುವುದಿಲ್ಲ. ಮೊದಲ ದಿನ ಬೆಳಗ್ಗೆ ಮಂಜರಾಬಾದ್ ಕೋಟೆ, ಮಂಜು ಎದ್ದ ಮೇಲೆ ಹತ್ತಿ, ಇಲ್ಲದಿದ್ದರೆ ನಕ್ಷತ್ರದ ಮೂಲೆಗಳು ಕಾಣುವುದಿಲ್ಲ. ಆಮೇಲೆ ಬಿಸಿಲೆ ಕಡೆಯ ತೋಟದ ರಸ್ತೆ. ಎರಡನೇ ದಿನ ಶೆಟ್ಟಿಹಳ್ಳಿ. ಹೇಮಾವತಿ ಹಿನ್ನೀರಲ್ಲಿ ನಿಂತಿರುವ ಹಳೇ ಇಗರ್ಜಿ ಮಳೆಗಾಲದಲ್ಲಿ ಅರ್ಧ ಮುಳುಗಿರುತ್ತದೆ, ಬೇಸಿಗೆಯಲ್ಲಿ ಒಳಗೇ ನಡೆಯಬಹುದು. ಗೋಡೆ ಸಡಿಲವಾಗಿದೆ, ಒರಗಬೇಡಿ. ಮಧ್ಯಾಹ್ನದ ಹೊತ್ತಿಗೆ ಅರಸೀಕೆರೆ ದಾರಿ ಹಿಡಿದು, ದಾರಿಬದಿಯ ಯಾವುದಾದರೂ ತೋಟದ ಮನೆಯಲ್ಲಿ ಅಟ್ಟ ತೋರಿಸಿ ಅಂತ ಕೇಳಿ. ಬೇಡ ಅನ್ನುವವರು ಕಮ್ಮಿ. ಮೇಲೆ ಹತ್ತಿ ಒಂದು ಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ನೋಡಿ.