ಅಮ್ಮನ ಏಕಾದಶಿ, ನರ್ಸ್ ಕೊಟ್ಟ ಇಡ್ಲಿ

ಪ್ರಶ್ನೆ: ಅಮ್ಮನಿಗೆ 78 ವರ್ಷ. ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ, ಆದರೂ ಏಕಾದಶಿ ಉಪವಾಸ ಬಿಡುವುದಿಲ್ಲ. ಮನೆಗೆ ಬರುವ ನರ್ಸ್ ಬಲವಂತವಾಗಿ ಇಡ್ಲಿ ತಿನ್ನಿಸಲು ಹೋಗಿ ದೊಡ್ಡ ಜಗಳವಾಯಿತು. ಏನು ಮಾಡಲಿ?
– ಓದುಗರೊಬ್ಬರು, ಉಡುಪಿ

ಉತ್ತರ: ನರ್ಸ್ ಸುಮ್ನೆ ಹೆದರಿಲ್ಲ. ಈ ಮಾತ್ರೆ ಖಾಲಿ ಹೊಟ್ಟೆಯಲ್ಲೂ ಇನ್ಸುಲಿನ್ ಹೊರಡಿಸುತ್ತದೆ, ಆಗ ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ವಯಸ್ಸಾದವರಲ್ಲಿ ಕೆಲವೊಮ್ಮೆ ಬರೀ ಗಲಿಬಿಲಿ ಕಾಣಿಸಬಹುದು. ಆದರೆ ಜೀವನವಿಡೀ ನಡೆಸಿಕೊಂಡು ಬಂದ ವ್ರತವನ್ನು ಬಲವಂತವಾಗಿ ಮುರಿಸಿದರೆ ಅದು ಆರೈಕೆ ಹೇಗಾಗುತ್ತದೆ? (ಅದೂ ಅಕ್ಕಿಯ ಇಡ್ಲಿ!) ಆ ದಿನ ಮಾತ್ರೆ ಎಷ್ಟು, ಯಾವಾಗ ಎಂದು ಡಾಕ್ಟರನ್ನು ಮೊದಲೇ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ. ವಯಸ್ಸಾದವರು, ಕಾಯಿಲೆಯವರು ಹಾಲು, ಹಣ್ಣು ತೆಗೆದುಕೊಳ್ಳುವ ರೂಢಿ ಇದ್ದೇ ಇದೆ. ಅದನ್ನು ಅಮ್ಮ ನಂಬುವ ಪುರೋಹಿತರಿಂದಲೇ ಹೇಳಿಸಿ, ನಿಮ್ಮ ಮಾತಿಗಿಂತ ಅದಕ್ಕೆ ಬೆಲೆ ಜಾಸ್ತಿ. ನರ್ಸ್‌ಗೆ ಏಕಾದಶಿಯ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ ಕೊಡಿ. ಅಂದು ಶುಗರನ್ನು ಆಗಾಗ ನೋಡಲಿ. 70ಕ್ಕಿಂತ ಕಡಿಮೆ ಬಂದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.