ಇಂಟೆಲ್ ಕಾರ್ಖಾನೆಗಳನ್ನು ಬೇರೆ ಮಾಡಿದರೆ ಎಎಂಡಿ ಹಾಗೆ ಷೇರು ಏರುತ್ತಾ?

ಇಂಟೆಲ್ ತನ್ನ ಚಿಪ್ ಕಾರ್ಖಾನೆಗಳನ್ನು ಬೇರೆ ಕಂಪನಿ ಮಾಡಿಬಿಟ್ಟರೆ, ಎದುರಾಳಿ ಚಿಪ್ ಕಂಪನಿ ಎಎಂಡಿಯ ಷೇರಿನ ಹಾಗೆ ಇದರ ಷೇರೂ ಏರುತ್ತಾ ಅಂತ ಕೇಳಿದ್ದೀರಿ. ನನಗೆ ಹಾಗನ್ನಿಸುವುದಿಲ್ಲ. ಎಎಂಡಿ ಏರಿದ್ದು ಮನೆ ಪಾಲಾಗಿದ್ದಕ್ಕೆ ಅಲ್ಲ.

ಇಸವಿ ನೋಡಿ. ಎಎಂಡಿ ಅಬುಧಾಬಿಯ ಹಣ ಸೇರಿಸಿಕೊಂಡು ತನ್ನ ಕಾರ್ಖಾನೆಗಳನ್ನು ಗ್ಲೋಬಲ್‌ಫೌಂಡ್ರೀಸ್ ಅಂತ ಬೇರೆ ಮಾಡಿದ್ದು 2009ರಲ್ಲಿ. ಆರು ವರ್ಷ ಕಳೆದ ಮೇಲೂ, 2015ರಲ್ಲಿ, ಷೇರು 2 ಡಾಲರ್‌ಗಿಂತ ಕೆಳಗೆ ಬಿದ್ದಿತ್ತು. ಆಗಿನ ಲೆಕ್ಕದಲ್ಲಿ ಬೆಂಗಳೂರಲ್ಲಿ ಇಬ್ಬರು ಮಸಾಲೆ ದೋಸೆ ತಿಂದು ಕಾಫಿ ಕುಡಿದರೆ ಆಗುವಷ್ಟು ದುಡ್ಡು. (ನಾನು ಷೇರು ಕೊಳ್ಳದೆ ದೋಸೆಯನ್ನೇ ತಿಂದೆ, ಬಿಡಿ.)

ಒಲೆ ಬೇರೆಯಾದರೂ ಋಣ ಹರಿದಿರಲಿಲ್ಲ. ಇಂತಿಷ್ಟು ವೇಫರ್ (ಚಿಪ್ಪುಗಳನ್ನು ಮೂಡಿಸುವ ಸಿಲಿಕಾನ್ ಬಿಲ್ಲೆ) ಗ್ಲೋಬಲ್‌ಫೌಂಡ್ರೀಸ್‌ನಿಂದಲೇ ಕೊಳ್ಳಬೇಕು ಅಂತ ಕರಾರಿತ್ತು. 2012ರಲ್ಲಿ ಎಎಂಡಿ ಚಿಪ್ಪುಗಳಿಗೆ ಬೇಡಿಕೆ ಕುಸಿಯಿತು, ಅಷ್ಟು ವೇಫರ್ ಬೇಕಾಗಲಿಲ್ಲ. ಕೊಳ್ಳದೆ ಬಿಟ್ಟ ಮಾಲಿಗೆ 32 ಕೋಟಿ ಡಾಲರ್ ಕಟ್ಟಲು ಒಪ್ಪಬೇಕಾಯಿತು. ಪಾಲಿನ ಗಾಳಿಸುದ್ದಿಗೆ ಕುಣಿಯುವವರು ಈ ಕತೆ ಹೇಳುವುದೇ ಇಲ್ಲ.

ದೆಸೆ ತಿರುಗಿದ್ದು 2017ರಲ್ಲಿ, ಎಎಂಡಿಯ ಹೊಸ ಪ್ರೊಸೆಸರ್ ರೈಜನ್ ಬಂದ ಮೇಲೆ. ಮರುವರ್ಷ ಗ್ಲೋಬಲ್‌ಫೌಂಡ್ರೀಸ್ 7 ನ್ಯಾನೋಮೀಟರ್ (ಸಂಖ್ಯೆ ಇಳಿದಷ್ಟೂ ಹೊಸ ತಲೆಮಾರಿನ ಚಿಪ್ ತಂತ್ರಜ್ಞಾನ) ಕೆಲಸವನ್ನೇ ಕೈಬಿಟ್ಟಿತು, ಎಎಂಡಿ ಅದಕ್ಕೆ ಬೇರೆಯವರಿಗೆ ಚಿಪ್ ಮಾಡಿಕೊಡುವ ತೈವಾನಿನ ಟಿಎಸ್‌ಎಂಸಿ ಬಾಗಿಲಿಗೆ ಹೋಯಿತು. ಅತ್ತ ಇಂಟೆಲ್ 10 ನ್ಯಾನೋಮೀಟರ್‌ನಲ್ಲಿ ವರ್ಷಗಟ್ಟಲೆ ಒದ್ದಾಡುತ್ತಿತ್ತು. ಎದುರಾಳಿ ಹೀಗೆ ಒದ್ದಾಡಲಿ ಅಂತ ಯಾವ ಪ್ಲಾನಿನಲ್ಲೂ ಬರೆದುಕೊಳ್ಳಲು ಆಗುವುದಿಲ್ಲ, ಅಲ್ವಾ?

ಇಂಟೆಲ್‌ಗೆ ಇನ್ನೊಂದು ಗಂಟೂ ಇದೆ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಅದರಲ್ಲಿ ಸುಮಾರು 10% ಷೇರು ತೆಗೆದುಕೊಂಡಿತು. ಫೌಂಡ್ರಿಯಲ್ಲಿ, ಅಂದರೆ ಚಿಪ್ ತಯಾರಿಸುವ ವಿಭಾಗದಲ್ಲಿ, ಇಂಟೆಲ್ ಒಡೆತನ ಐದು ವರ್ಷದೊಳಗೆ 51%ಗಿಂತ ಕೆಳಗಿಳಿದರೆ, ಇನ್ನೂ 5% ಷೇರನ್ನು ತಲಾ 20 ಡಾಲರಿಗೆ ಕೊಳ್ಳುವ ಹಕ್ಕು ಸರ್ಕಾರಕ್ಕಿದೆ. ಪಾಲು ಮಾಡಬೇಡಿ ಅಂತ ಬಾಯಿಬಿಟ್ಟು ಹೇಳಿಲ್ಲ, ಅಷ್ಟೇ.

ಪ್ರತಿಸ್ಪರ್ಧಿಗಳು ತಮ್ಮ ಡಿಸೈನನ್ನು ಇಂಟೆಲ್ ಕೈಗೆ ಕೊಡಲು ಹೆದರುತ್ತಾರೆ, ಬೇರೆಯಾದರೆ ಆ ಭಯ ಹೋಗುತ್ತದೆ ಅನ್ನುವ ವಾದವಿದೆ. ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ 2024ರ ಲೂನಾರ್ ಲೇಕ್ ಚಿಪ್ಪಿನ ಮುಖ್ಯ ಭಾಗವನ್ನು ಇಂಟೆಲ್ಲೇ ಟಿಎಸ್‌ಎಂಸಿಯಲ್ಲಿ ಮಾಡಿಸಿತು. ಮನೆಯವರೇ ಹೋಟೆಲಿಂದ ಊಟ ತರಿಸಿದರೆ ನೆಂಟರು ಏನಂದುಕೊಳ್ಳಬೇಕು? ಹೊರಗಿನ ದೊಡ್ಡ ಗಿರಾಕಿ ಸಿಗದಿದ್ದರೆ ಚಿಪ್ ತಯಾರಿಸುವ ತನ್ನ ಮುಂದಿನ ತಲೆಮಾರಿನ 14ಎ ತಂತ್ರಜ್ಞಾನವನ್ನೇ ನಿಲ್ಲಿಸಬೇಕಾಗಬಹುದು ಅಂತ 2025ರ ಜುಲೈನಲ್ಲಿ ಕಂಪನಿಯೇ ಹೇಳಿತ್ತು. ನಾನು ಕಾಯುವುದು ಆ ಗಿರಾಕಿಯ ಹೆಸರಿಗೆ. ಪಾಲಿನ ಸುದ್ದಿ ಬಂದ ದಿನ ಷೇರು ಎಷ್ಟು ಜಿಗಿಯಿತು ಅಂತ ನೋಡುವುದನ್ನು ಬಿಟ್ಟಿದ್ದೇನೆ.